ಅಳಿಯನ ಕಡೆ ತಿರುಗದ ಅಕುಲಿನಾ

ಕೆಳಗಿನ ಅಪಾರ್ಟ್‌ಮೆಂಟಿನ ಮಾರ್ಟಿನ್ ತನ್ನ ಅತ್ತೆಗೆ ಹೊಡೆಯುತ್ತಾನೆ ಎಂದು ನನಗೆ ಮೊದಲಿನಿಂದಲೂ ಅನುಮಾನ. ಅತ್ತೆಯ ಹೆಸರು ಅಕುಲಿನಾ. ಸೈಬೀರಿಯಾದ ಕೊಲಿಮಾ ನದಿ ದಡದವಳು, ಯುಕಾಗಿರ್ ಬುಡಕಟ್ಟಿನ ಜನ. ಅವರ ಭಾಷೆ ಆಡುವವರು ಅವಳ ಊರಿನಲ್ಲೇ ಬೆರಳೆಣಿಕೆಯಷ್ಟು. ಇಲ್ಲಿ ಅಮೆರಿಕದ ಹೇವರ್ಡಿನಲ್ಲಿ ಅವಳಿಗಿದ್ದವಳು ಮಗಳೊಬ್ಬಳೇ. ಆ ಮಗಳು ಹೋದ ವರ್ಷ ಕ್ಯಾನ್ಸರಿನಿಂದ ತೀರಿಕೊಂಡಳು. ಮುದುಕಿ ಅಳಿಯನ ಪಾಲಿಗೆ ಉಳಿದಳು.

ನಾನು ಸಾರು ಕೊಡಲು ಹೋದಾಗಲೆಲ್ಲ ನದಿಯ ಮೀನು ಸೀಳುವುದು ಹೇಗೆಂದು ಕೈಸನ್ನೆಯಲ್ಲಿ ತೋರಿಸಿ ನಗುವಳು. ವೇರ್‌ಹೌಸಿನಿಂದ ಅಳಿಯ ಬಂದನೋ, ತಟ್ಟನೆ ಗೋಡೆಗೆ ಮುಖ! ಆ ಮಹಾಶಯನೂ ಅವಳತ್ತ ನೋಡದೆ ಫ್ರಿಡ್ಜಿನ ಮುಂದೆ ನಿಂತು ಏನೋ ಗೊಣಗುವನು. ಮಂಡ್ಯದಲ್ಲಿ ನಮ್ಮಜ್ಜಿಯೂ ಅಳಿಯ ಬಂದರೆ ಬಾಗಿಲ ಮರೆಗೆ ಸರಿಯುತ್ತಿದ್ದಳು. ನನ್ನ ಹಾಳು ತಲೆಗೆ ಅದು ಹೊಳೆಯಲೇ ಇಲ್ಲ.

"ನಿಂಗ್ಯಾಕೆ ಊರ ಉಸಾಬರಿ?" ಎಂದರು ನನ್ನ ಗಂಡ ಮಧುಕರ್. ಅಕುಲಿನಾಳ ಮೊಣಕೈ ನೀಲಿಗಟ್ಟಿದ್ದು ಕಂಡ ದಿನ ನಾನು ಪೊಲೀಸಿಗೆ ಫೋನು ಮಾಡಿಯೇಬಿಟ್ಟೆ.

ಬಂದ ಪೊಲೀಸರು ಮಾರ್ಟಿನ್‌ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿದರು. ಫೋನಿನಲ್ಲಿ ರಷ್ಯನ್ ಬಲ್ಲವಳನ್ನು ಹಿಡಿದು, ಇವನು ಹೊಡೆದನೇ ಎಂದು ಅಕುಲಿನಾಳನ್ನು ಕೇಳಿಸಿದರು. ಅವಳು ಗೋಡೆಗೆ ತಿರುಗಿದಳು. ಹೆದರಿದ್ದಾಳೆ, ಕಾಣುವುದಿಲ್ಲವೇ ಎಂದು ನಾನೇ ಎಗರಾಡಿದೆ.

ಅವರು ಬಾತ್‌ಟಬ್ಬಿನಲ್ಲಿ ಜಾರಿದರು ಎಂದ ಮಾರ್ಟಿನ್. ಅವರ ಜನರಲ್ಲಿ ಅತ್ತೆ ಅಳಿಯ ಮುಖ ನೋಡಿ ಮಾತಾಡುವಂತಿಲ್ಲ, ಅದು ಮರ್ಯಾದೆ. ಹೆಂಡತಿ ಇದ್ದಾಗ ಇಬ್ಬರ ಮಾತನ್ನೂ ಅವಳೇ ದಾಟಿಸುತ್ತಿದ್ದಳು. ಅವಳು ಹೋದ ಮೇಲೆ ತಾನು ಆ ಭಾಷೆ ಕಲಿತು, ಫ್ರಿಡ್ಜಿಗೆ ಹೇಳುವಂತೆ ಹೇಳುತ್ತೇನೆ, ಅವರು ಗೋಡೆಗೆ ಉತ್ತರ ಕೊಡುತ್ತಾರೆ ಎಂದ. ಎಂಥ ಕಟ್ಟುಕಥೆ ಅನ್ನಿಸಿತು ನನಗೆ. ಪೊಲೀಸಿನವನಿಗೂ ನಂಬಿಕೆ ಬರಲಿಲ್ಲ. ಅದನ್ನು ಆಕೆಯೇ ಹೇಳಬೇಕು ಎಂದು ಅವನ ಕೈಗೆ ಕೋಳ ಹಾಕಿದ.

ಕೋಳದ ಸದ್ದಿಗೆ ಅಕುಲಿನಾ ತಿರುಗಿದಳು. ಬರಿಗಾಲಲ್ಲಿ ನಡೆದು ಬಂದು ಅಳಿಯನ ಎದುರಿಗೇ ನಿಂತಳು. ಅವನ ಮುಖವನ್ನೇ ನೋಡುತ್ತ ರಷ್ಯನ್ನಿನಲ್ಲಿ ಹೇಳಿದಳು. ಫೋನಿನವಳು ಅದನ್ನು ನಮಗೆ ತಿಳಿಸಿದಳು.

"ಇವನು ಹೊಡೆದಿಲ್ಲ. ನನ್ನ ಮಾತು ಬಲ್ಲವನು ಇಲ್ಲಿ ಇವನೊಬ್ಬನೇ. ಕರಕೊಂಡು ಹೋಗಬೇಡಿ."

ಮಾರ್ಟಿನ್, ಅತ್ತೆಯನ್ನು ನೋಡಬಾರದೆಂದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ.