ಪಂಪಣ್ಣನವರ ಮನಸ್ಸಿನಲ್ಲಿದ್ದದ್ದು

ನಾನು ಇಳಕಲ್ಲಿನ ಕಾಲೇಜೊಂದರಲ್ಲಿ ಹನ್ನೊಂದು ವರ್ಷ ತರ್ಕಶಾಸ್ತ್ರ ಕಲಿಸಿದವನು. ಈ ವಿಷಯ ಕಲಿಸುವವನಿಗೆ ಒಂದು ಕಾಯಿಲೆ ಬೇಗ ಅಂಟಿಕೊಳ್ಳುತ್ತದೆ: ಯಾರು ಏನು ಕೇಳಿದರೂ ಉತ್ತರ ಹೇಳಿಬಿಡುವುದು. ಇವತ್ತು ಮಳೆ ಬಂದೀತೇ, ಹುನಗುಂದದ ಬಸ್ಸು ಹೋಯಿತೋ ಇನ್ನೂ ಬರಬೇಕೋ, ಎದುರು ಮನೆಯ ಹುಡುಗಿಗೆ ಬಾದಾಮಿಯ ವರ ಒಪ್ಪಿಗೆಯಾದಾನೇ, ಎಲ್ಲದಕ್ಕೂ ನನ್ನ ಬಳಿ ಒಂದು ‘ಆದ್ದರಿಂದ’ ಸಿದ್ಧವಾಗಿರುತ್ತಿತ್ತು. ಬಸ್ಸಿನ ವಿಷಯದಲ್ಲಿ ನನ್ನನ್ನು ನಂಬಿದವರು ಎಷ್ಟೋ ಸಲ ನಡೆದುಕೊಂಡೇ ಹುನಗುಂದ ಸೇರಿದ್ದಾರೆ. ಆದರೂ ಮುಂದಿನ ವಾರ ಬಂದು ಮತ್ತೆ ನನ್ನನ್ನೇ ಕೇಳುತ್ತಿದ್ದರು. ಗಟ್ಟಿ ದನಿಯಲ್ಲಿ ಮಾತಾಡುವವನಿಗೆ ನಮ್ಮ ಕಡೆ ಗಿರಾಕಿ ಕಡಿಮೆಯಾದದ್ದನ್ನು ನಾನು ಕಂಡಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಊರಿನ ಪುರಸಭೆಗೆ ಚುನಾವಣೆ ಬಂತು. ನಮ್ಮ ಓಣಿಯಿಂದ ಪಂಪಣ್ಣನವರು ನಿಂತರು. ನೇಕಾರರ ಮನೆತನದವರು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವರು. ಸೀರೆಯಲ್ಲಿ ಒಂದು ಎಳೆ ತಪ್ಪಿದ್ದರೂ ಗಿರಾಕಿಗೆ ತಾವೇ ಬೆರಳಿಟ್ಟು ತೋರಿಸುವ ಮನುಷ್ಯ ಎಂದು ಹೆಸರು. ಅವರು ಓಣಿಯ ಕಟ್ಟೆಯ ಮೇಲೆ ನಿಂತು, ಗಟಾರ ಕಟ್ಟಿಸುತ್ತೇನೆ, ನಳಕ್ಕೆ ನೀರು ಬರುವಂತೆ ಮಾಡುತ್ತೇನೆ ಎಂದರು. ನಾವೆಲ್ಲ ತಲೆಯಾಡಿಸಿದೆವು. ಆಮೇಲೆ ಅದೇ ದನಿಯಲ್ಲಿ, "ಈ ಊರಾಗ ಒಂದ ಪವರ್‌ಲೂಮ್ ಉಳಿಯಾಕ ಬಿಡೂದಿಲ್ಲ. ಕೈಮಗ್ಗದವನ ಬಾಯಾಗ ಮಣ್ಣ ಹಾಕೂ ಮಷಿನ್ ಅದು. ಆರಿಸಿ ಬಂದ್ರ ಎಲ್ಲಾ ಬಂದ್ ಮಾಡಸ್ತೇನಿ" ಎಂದರು. ಆಡುತ್ತಿದ್ದ ತಲೆಗಳು ನಡುವೆಯೇ ನಿಂತವು. ಊರಿನ ಎಷ್ಟೋ ಮನೆಗಳ ಅನ್ನ ಆಗಲೇ ಆ ಮಷಿನ್ನಿನ ಮೇಲಿತ್ತು.

ಅಂದಿನಿಂದ ಒಂದು ತಿಂಗಳು ನಮ್ಮ ಚಹಾದಂಗಡಿಯಲ್ಲಿ ಬೇರೆ ಮಾತೇ ಇಲ್ಲ. ಮಿರ್ಚಿ ಭಜಿಯ ತಟ್ಟೆ ಮುಂದಿಟ್ಟುಕೊಂಡು ಊರು ಎರಡು ಪಾಲಾಯಿತು. ಪಂಪಣ್ಣನವರು ಅಂದದ್ದನ್ನು ಮಾಡುವವರೇ ಎಂದು ಒಂದು ಪಾಲು. ಸುಮ್ಮನೆ ವೋಟಿಗಾಗಿ ಅಂದಿದ್ದಾರೆ, ಮನಸ್ಸಿನಲ್ಲಿ ಹಾಗಿಲ್ಲ ಎಂದು ಇನ್ನೊಂದು ಪಾಲು. ಇದರಲ್ಲಿ ಒಂದು ಚೋದ್ಯವಿತ್ತು. ಅವರು ಸತ್ಯವಂತರು ಎಂದು ಆಣೆ ಮಾಡಿ ಹೇಳುತ್ತಿದ್ದವರು ಅವರ ವಿರೋಧಿಗಳು. ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ಸಾಧಿಸುತ್ತಿದ್ದವರು ನಾವು, ಅವರ ಅಭಿಮಾನಿಗಳು. ಇಷ್ಟು ಪ್ರಾಮಾಣಿಕ ಮನುಷ್ಯ ಮತ್ತೊಬ್ಬ ಸಿಗಲಾರ, ಆದ್ದರಿಂದ ಇವರಿಗೇ ವೋಟು. ಇವರು ಹೇಳಿದ್ದು ಖರೆ ಅಲ್ಲ, ಆದ್ದರಿಂದ ಹೆದರಿಕೆಯಿಲ್ಲ. ಈ ಎರಡು ಆದ್ದರಿಂದಗಳನ್ನು ಒಂದೇ ಉಸಿರಿನಲ್ಲಿ ಹೇಳಿದವನು ತರ್ಕಶಾಸ್ತ್ರದ ಅಧ್ಯಾಪಕ. ನನ್ನ ವಿದ್ಯಾರ್ಥಿಗಳು ಯಾರೂ ಆ ಅಂಗಡಿಗೆ ಬರುತ್ತಿರಲಿಲ್ಲ, ಪುಣ್ಯ.

ಈ ಚರ್ಚೆ ನಮಗೆ ಭಜಿಯ ಜೊತೆಗಿನ ಚಟ್ನಿಯಾಗಿದ್ದರೆ, ನನ್ನ ಪಕ್ಕದ ಮನೆಯ ಹುಸೇನಸಾಬರಿಗೆ ಹೊಟ್ಟೆಯ ಪ್ರಶ್ನೆಯಾಗಿತ್ತು. ಅವರು ತಂದೆಯ ಕಾಲದ ಕೈಮಗ್ಗ ಬಿಟ್ಟು, ಹಿಂದಿನ ವರ್ಷವಷ್ಟೇ ಇಚಲಕರಂಜಿಯಿಂದ ಎರಡು ಹಳೆಯ ಪವರ್‌ಲೂಮ್ ತಂದು ಮನೆಯಲ್ಲಿ ಕೂಡ್ರಿಸಿದ್ದರು. ಗುಳೇದಗುಡ್ಡದ ಒಬ್ಬ ವ್ಯಾಪಾರಿ ಅವನ್ನು ಒಳ್ಳೆಯ ಬೆಲೆಗೆ ಕೇಳಿದ್ದ, ಚುನಾವಣೆಯ ಮೊದಲೇ ಹೇಳಿಬಿಡಿ ಎಂದಿದ್ದ. ಒಂದು ಸಂಜೆ ಹುಸೇನಸಾಬರು ನನ್ನ ಕಟ್ಟೆಗೆ ಬಂದು ಕೂತರು.

"ಸರ್, ನೀವು ಓದಿದವರು. ಪಂಪಣ್ಣನ ಮನಸ್ಸಿನ್ಯಾಗ ಏನೈತಿ, ನೀವು ಹೇಳ್ರಿ. ಮಗ್ಗ ಕೊಟ್ಟ ಬಿಡ್ಲ್ಯಾ, ಇಟಗೊಳ್ಲ್ಯಾ?"

"ಎರಡ ದಿನ ತಡೀರಿ, ಹೇಳ್ತೇನಿ" ಎಂದೆ. ಡಾಕ್ಟರರು ರಕ್ತ ಪರೀಕ್ಷೆಗೆ ಬರೆದುಕೊಡುವ ಗತ್ತು ನನ್ನ ದನಿಯಲ್ಲಿತ್ತು.

ನಮ್ಮ ನೈಯಾಯಿಕರು ತಿಳಿವಿಗೆ ನಾಲ್ಕು ದಾರಿ ಹೇಳಿದ್ದಾರೆ. ಕಣ್ಣಾರೆ ಕಾಣುವುದು ಪ್ರತ್ಯಕ್ಷ. ಬೆಟ್ಟದ ಮೇಲಿನ ಹೊಗೆ ಕಂಡು ಬೆಂಕಿಯನ್ನು ತಿಳಿಯುವುದು ಅನುಮಾನ. ಹೋಲಿಸಿ ತಿಳಿಯುವುದು ಉಪಮಾನ. ನಂಬಿಕೆಗೆ ಅರ್ಹನಾದವನ ಬಾಯಿಂದ ಕೇಳಿ ತಿಳಿಯುವುದು ಶಬ್ದ. ಪರೀಕ್ಷೆಗೆ ಹೆಚ್ಚಾಗಿ ಬರುವುದು ಅನುಮಾನವೇ. ಹೀಗಾಗಿ ಶಬ್ದವನ್ನು ನಾನು ವರ್ಷದ ಕೊನೆಯ ತಾಸಿಗೆ ಇಟ್ಟುಕೊಂಡು ಪ್ರತಿವರ್ಷ ಬಿಟ್ಟುಬಿಡುತ್ತಿದ್ದೆ. ಪಂಪಣ್ಣನವರ ವಿಷಯದಲ್ಲೂ ನಾನು ಹೊಗೆಯನ್ನೇ ಹುಡುಕಹೊರಟೆ.

ಇಳಕಲ್ಲಿನವನಿಗೆ ಹೊಗೆ ಎಲ್ಲಿ ಕಂಡೀತು? ಸೀರೆಯಲ್ಲೇ. ನಮ್ಮ ಕೈಮಗ್ಗದ ಸೀರೆಗೆ ಒಡಲಿನ ಹಾಸು, ಎಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುತ್ತಾರೆ, ಅದಕ್ಕೆ ಕೊಂಡಿ ಎನ್ನುತ್ತೇವೆ. ಪವರ್‌ಲೂಮಿನ ಸೀರೆಗೆ ಆ ಕೊಂಡಿ ಇರುವುದಿಲ್ಲ. ನಮ್ಮೂರ ಹೆಣ್ಣುಮಕ್ಕಳಿಗೆ ಕಣ್ಣುಮುಚ್ಚಿ ಸೆರಗಿನ ಮೇಲೆ ಬೆರಳಾಡಿಸಿದರೂ ಸಾಕು, ಗೊತ್ತಾಗುತ್ತದೆ. ಪಂಪಣ್ಣನವರ ಹೆಂಡತಿ ಉಟ್ಟ ಸೀರೆಗೆ ಕೊಂಡಿ ಇದೆಯೋ ಇಲ್ಲವೋ ನೋಡಿದರೆ ಗಂಡನ ಮನಸ್ಸು ಗೊತ್ತಾಗುತ್ತದೆ ಎಂದು ನಾನು ಚಹಾದಂಗಡಿಯಲ್ಲಿ ಸಾರಿದೆ. ಎರಡೂ ಪಾಲಿನವರು ಇದನ್ನು ಒಪ್ಪಿದರು. ಆ ತಿಂಗಳಲ್ಲಿ ಎಲ್ಲರೂ ಒಪ್ಪಿದ ಮಾತು ಇದೊಂದೇ.

ಮರುದಿನ ಓಣಿಯಲ್ಲಿ ಯಾರದೋ ಬಸುರಿ ಮಗಳಿಗೆ ಸೀರೆ ಉಡಿಸುವ ಕುಬುಸವಿತ್ತು. ನನ್ನ ಹೆಂಡತಿ ಶಾರದಾ ಹೋಗಿದ್ದಳು. "ಸೀರಿ ಭಾಳ ಚಂದ ಐತ್ರಿ ಅಕ್ಕಾರ" ಎನ್ನುತ್ತ ಪಂಪಣ್ಣನವರ ಹೆಂಡತಿಯ ಸೆರಗು ಹಿಡಿದು ಬೆರಳಾಡಿಸಿ ಬಂದಳು. ನಾನು ಬಾಗಿಲಲ್ಲೇ ಕಾದಿದ್ದೆ.

"ಕೊಂಡಿ ಇಲ್ಲ. ಪವರ್‌ಲೂಮಿಂದ ಐತಿ" ಎಂದಳು. ಅಷ್ಟಕ್ಕೇ ನಾನು ಚಪ್ಪಲಿ ಮೆಟ್ಟಿದೆ. ಹಿಂದಿನಿಂದ ಅವಳು, "ಪೂರಾ ಕೇಳ್ರಿ ಇಲ್ಲೆ. ಒಗಿಯಾಕ ಹಗರ ಅಂತ ಆಕಿನ ತಗೊಂಡಾಳಂತ. ಗಂಡಗ ಗೊತ್ತ ಸೈತ ಇಲ್ಲಂತ" ಎಂದಳು. ಕೇಳಿಸಿತು. ಕೇಳಿಸಲಿಲ್ಲ ಎಂದು ನಾನು ಇಂದಿಗೂ ಹೇಳಲಾರೆ. ಆದರೆ ಸಿದ್ಧಾಂತ ಕೈಗೆ ಬಂದ ಮೇಲೆ ಅಡಿಟಿಪ್ಪಣಿ ಯಾರಿಗೆ ಬೇಕು? ಚಹಾದಂಗಡಿಯಲ್ಲಿ ಮೊದಲರ್ಧವನ್ನಷ್ಟೇ ಹೇಳಿದೆ. ಯಾರೋ ನನಗೊಂದು ಭಜಿ ಕೊಡಿಸಿದರು. ಅಲ್ಲಿಂದ ನೇರ ಹುಸೇನಸಾಬರ ಮನೆಗೆ ಹೋಗಿ, "ಚಿಂತಿ ಬಿಡ್ರಿ. ಮಗ್ಗ ಇಟಗೊಳ್ರಿ. ಅವ್ರು ಬರೇ ಹಂಗ ಅಂತಾರ" ಎಂದೆ. ಅವರು ಗುಳೇದಗುಡ್ಡದ ವ್ಯಾಪಾರಿಗೆ ಬೇಡವೆಂದು ಹೇಳಿಕಳಿಸಿದರು. ನನ್ನ ಮಾತು ಕೇಳಿ ಪಂಪಣ್ಣನವರಿಗೆ ವೋಟನ್ನೂ ಹಾಕಿದರು.

ಪಂಪಣ್ಣನವರು ಆರಿಸಿ ಬಂದರು. ಎರಡು ಪಕ್ಷಗಳ ಜಗಳದಲ್ಲಿ ಯಾರಿಗೂ ಬೇಡವಾಗದವರು ಇವರೇ ಎಂದು ಅಧ್ಯಕ್ಷರೂ ಆದರು. ಎರಡನೆಯ ಸಭೆಯಲ್ಲೇ ಠರಾವು ಪಾಸಾಯಿತು: ಮನೆಗಳಿರುವ ಓಣಿಯಲ್ಲಿ ಮೋಟಾರಿನ ಮಗ್ಗಕ್ಕೆ ಇನ್ನು ಲೈಸನ್ಸು ಇಲ್ಲ, ಈಗಿರುವವೂ ಬಂದ್. ಚಹಾದಂಗಡಿಯಲ್ಲಿ ನಾವು ಅಭಿಮಾನಿಗಳು ಕೆಂಡಾಮಂಡಲವಾದೆವು. ಎಂಥ ಮೋಸ, ಹೇಳಿದ್ದನ್ನೇ ಮಾಡಿಬಿಟ್ಟರಲ್ಲ ಎಂದು. ಕೂಡಲಸಂಗಮದ ಸೀಮೆಯವರು ನಾವು. ನಡೆಯೂ ನುಡಿಯೂ ಒಂದಾಗಿರಬೇಕು ಎಂದು ಮಕ್ಕಳಿಗೆ ತೊಟ್ಟಿಲಿನಿಂದಲೇ ಹೇಳಿಕೊಡುತ್ತೇವೆ. ಯಾರಾದರೂ ಹಾಗೆ ಬದುಕತೊಡಗಿದರೆ ನಮಗೆ ಗಾಬರಿಯಾಗುತ್ತದೆ.

ಜಗಳ ತೆಗೆಯಲೆಂದೇ ನಾನು ಅವರ ಮನೆಗೆ ಹೋದೆ. "ಹಿಂಗ ಮಾಡವರಿದ್ರ ನೀವು ಮೊದಲ ಹೇಳಬೇಕಿತ್ತರಿ" ಎಂದೆ.

ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಕಟ್ಟಿ ಮ್ಯಾಲ ನಿಂತು ಹೇಳಿದ್ನಲ್ಲರಿ. ನೀವು ಮುಂದ ಕುಂತಿದ್ರಿ" ಎಂದರು. ಆಮೇಲೆ, "ಮತ್ತ ನೀವು ನನಗ ವೋಟ್ ಯಾಕ ಹಾಕಿದ್ರಿ?" ಎಂದು ಕೇಳಿದರು.

"ನೀವು ಹಂಗ ಮಾಡೂದಿಲ್ಲ ಅಂತ" ಎಂದೆ. ಅವರು ನಗಲಿಲ್ಲ. ಒಳಗೆ ಹೋಗಿ ನನಗೆ ಚಹಾ ಹೇಳಿ ಬಂದರು.

ಪಂಪಣ್ಣನವರು ಮಾಡಿದ್ದು ಸರಿಯೋ ತಪ್ಪೋ, ಅದು ಬೇರೆ ಮಾತು. ಅವರ ಠರಾವಿನಿಂದ ಹತ್ತಾರು ಕೈಮಗ್ಗಗಳು ಉಳಿದವು ಎನ್ನುವವರೂ ಇದ್ದಾರೆ. ಆದರೆ ಅವತ್ತು ನಾನು ಚಹಾ ಅರ್ಧಕ್ಕೇ ಬಿಟ್ಟೆ. ಅಲ್ಲಿಂದ ಎದ್ದು ಹುಸೇನಸಾಬರ ಮನೆಗೆ ಹೋದೆ. ಗುಳೇದಗುಡ್ಡದವನು ಈಗ ಬಾಯಿಗೆ ಬಂದ ಬೆಲೆಗೆ ಮಗ್ಗಗಳನ್ನು ಒಯ್ದಿದ್ದ. ಅವನ್ನು ಕೂಡ್ರಿಸಲೆಂದು ಮುಚ್ಚಿ ಫರಸಿಕಲ್ಲು ಹಾಸಿದ್ದ ತಂದೆಯ ಮಗ್ಗದ ಕುಣಿಯನ್ನು ಹುಸೇನಸಾಬರು ಮತ್ತೆ ಅಗೆಯುತ್ತಿದ್ದರು. ಸೊಂಟದ ಮಟ್ಟ ಕುಣಿಯೊಳಗೆ ನಿಂತಿದ್ದರು. ನನಗೆ ನಾಚಿಕೆಯಾಯಿತು. ತಪ್ಪಾಯಿತು ಎಂದೆ.

"ಇರಲಿ ತಗೋರಿ" ಎಂದರು ಅವರು, ಸಲಿಕೆ ಬಿಡದೆ. "ನಾನ ಒಮ್ಮೆ ಪಂಪಣ್ಣನ ಮನಿಗೆ ಹೋಗಿ ನೆಟ್ಟಗ ಕೇಳಬೇಕಂತ ಮಾಡಿದ್ದೆ. ಬಾಗಲ ತನಕಾ ಹೋಗಿದ್ದೆ ಸೈತ. ನೀವು ಅದೀರಲ್ಲ ಅಂತ ಹೊಳ್ಳಿ ಬಂದೆ."

ಒಂದು ತಿಂಗಳು ಊರೆಲ್ಲ ಒಬ್ಬ ಮನುಷ್ಯನ ಮನಸ್ಸನ್ನು ಅಗೆದೆವು. ಆ ಮನುಷ್ಯ ಮೂರು ಮನೆ ಆಚೆ, ಬಾಗಿಲು ತೆರೆದಿಟ್ಟು ಕೂತಿದ್ದ. ಅವನನ್ನು ಕೇಳಲು ಎದ್ದವರು ಹುಸೇನಸಾಬರೊಬ್ಬರೇ. ಅವರನ್ನೂ ನಾನು ಬಾಗಿಲಿನಿಂದ ತಿರುಗಿಸಿದ್ದೆ.

ಈಗಲೂ ಚುನಾವಣೆ ಬಂದಾಗ ಜನ ಕೇಳುತ್ತಾರೆ, ಇಂಥವರು ಅಂದದ್ದು ಖರೆಯೇನ್ರಿ ಸರ್, ಸುಳ್ಳೇನ್ರಿ ಎಂದು. "ಅವರ ಮನಿ ಇಲ್ಲೇ ಐತಿ. ನಡೀರಿ, ಕೇಳಿ ಬರೂಣು" ಎಂದು ನಾನು ಎದ್ದು ನಿಲ್ಲುತ್ತೇನೆ. ಇಷ್ಟು ವರ್ಷದಲ್ಲಿ ಒಬ್ಬರೂ ಜೊತೆಗೆ ಬಂದಿಲ್ಲ. ಹೋಗಿ ಕೇಳಿದರೆ ಅವರು ಉತ್ತರ ಹೇಳಿಬಿಟ್ಟಾರು ಎಂಬ ಭಯ.