ಪೂನಮಳ ಪಾಲಿನ ವಾರಿ

ಗುಂಜಿಯಿಂದ ಪಂಢರಪುರಕ್ಕೆ ಭಜನೆ ಮಾಡುತ್ತ ನಡೆದು ಹೋಗುವ ತಂಡಕ್ಕೆ, ಅಂದರೆ ದಿಂಡಿಗೆ, ಹೊಸದಾಗಿ ಸೇರುವ ಹೆಂಗಸರು ಮೊದಲು ಪದ್ಮವ್ವನ ಮನೆಯ ಕಟ್ಟೆಗೆ ಬಂದು ಕೂಡುತ್ತಾರೆ. ಯಾರೂ ಗೊತ್ತು ಮಾಡಿದ ಪದ್ಧತಿಯಲ್ಲ, ಹಾಗೇ ನಡೆದುಕೊಂಡು ಬಂದಿದೆ. ಗಂಡ ಸತ್ಯಪ್ಪ ತೀರಿಕೊಂಡ ಮರುವರ್ಷದಿಂದ ಪದ್ಮವ್ವ ಆಷಾಢದ ಈ ಕಾಲ್ನಡಿಗೆಯ ಯಾತ್ರೆ, ವಾರಿ, ತಪ್ಪಿಸಿಲ್ಲ. ಓದುಬರಹ ಅಂದರೆ ಸಹಿ ಹಾಕುವಷ್ಟು. ದಾರಿಯಲ್ಲಿ ಹಾಡುವ ಅಭಂಗಗಳೆಲ್ಲ ಮರಾಠಿಯವು, ಕೇಳಿ ಕೇಳಿ ಬಾಯಿಗೆ ಬಂದವು.

ಈ ಸಲ ಬಂದವಳು ಓಣಿಯ ಗಂಗಾದೇವಿ. ಮೊದಲ ಬಾರಿ ಹೊರಟವಳು, ಬಾಯಿ ಸ್ವಲ್ಪ ಜೋರು.

“ಚೀಲದಾಗ ಏನೇನು ತುಂಬೀಯವ್ವಾ, ತಗೀ ನೋಡೂಣು,” ಎಂದಳು ಪದ್ಮವ್ವ.

ನಾಲ್ಕು ಸೀರೆ, ಉಂಡೆಯ ಡಬ್ಬಿ, ಕನ್ನಡಿ, ಕೊನೆಗೆ ಹೊಸ ಚಪ್ಪಲಿ ಹೊರಬಂದವು.

“ಸೀರಿ ಎರಡ ಸಾಕು. ಒಂದು ಉಡೂದು, ಒಂದು ಒಣಗಸೂದು. ಉಂಡಿ ಮನ್ಯಾಗ ಇಡು. ದಾರಿ ತುಂಬ ಊರೂರಿನವರು ತಿನ್ನಾಕ ಕೊಡತಾರ. ಒಲ್ಲೆ ಅನಬ್ಯಾಡ, ಅರ್ಧ ತಿನ್ನು, ಅರ್ಧ ಸೆರಗಿಗೆ ಕಟ್ಕೋ. ಚಾ ಅಂತೂ ಅರ್ಧ ಕಪ್ಪ.”

“ಅರ್ಧ ಕಪ್ಪಿಗೆ ನನ್ನ ತಲಿ ನಿಲ್ಲಂಗಿಲ್ಲ, ಎವ್ವಾ.”

“ನಡಿಯೂದು ಕಾಲು, ತಲಿ ಅಲ್ಲ. ತುಂಬ ಕುಡದ್ರ ಗಿಡದ ಮರೆ ಹುಡುಕ್ಕೋತ ಕೂಡತಿ, ದಿಂಡಿ ಮುಂದ ಹೋಗಿರತೈತಿ.”

ಹೊಸಬರು ಸಾಲಿನ ಕೊನೆಗೆ ಮೆಲ್ಲಗೆ ನಡೆದರಾಯಿತು ಅಂದುಕೊಳ್ಳುತ್ತಾರೆ. ಅದು ತಪ್ಪು ಅನ್ನುವುದು ಪದ್ಮವ್ವನ ಮಾತು. ಮುಂದಿನವರು ಒಂದು ಗಳಿಗೆ ನಿಂತರೂ ಹಿಂದಿನವರು ತಡೆದು ನಿಲ್ಲಬೇಕು, ಆಮೇಲೆ ಸಾಲು ಕೂಡಿಕೊಳ್ಳಲು ಓಡಬೇಕು. ಓಡುವ ಕಾಲು ನಡುದಾರಿಯ ಅಥಣಿಯನ್ನೂ ಮುಟ್ಟುವುದಿಲ್ಲ. ವೀಣೆ ಹಿಡಿದವನ ಬೆನ್ನ ಹಿಂದೆ ನಡೆಯಬೇಕು, ಅಲ್ಲಿ ಹೆಜ್ಜೆ ಒಂದೇ ಸಮ. ಕಾಲಿಗೆ ಗುಳ್ಳೆ ಎದ್ದರೆ ಸೂಜಿ ಕಾಸಿ ಅಂಚಿನಲ್ಲಿ ಚುಚ್ಚಿ ನೀರು ಇಳಿಸಬೇಕು, ಮೇಲಿನ ಚರ್ಮ ಕೀಳಬಾರದು. ಇನ್ನು ಕಾಲು ಎಳೆಯುವವರು ಸಾಮಾನು ಹೊತ್ತು ಜೊತೆಗೆ ಬರುವ ಟೆಂಪೋವನ್ನು ಸುಮ್ಮನೆ ಹತ್ತಬೇಕು, ಒಬ್ಬರ ಹಟಕ್ಕೆ ಇಡೀ ದಿಂಡಿ ಮಳೆಯಲ್ಲಿ ನಿಲ್ಲಬಾರದು. ವೀಣೆ ಹಿಡಿಯುವ ದಿಂಡಿಯ ಮುಖ್ಯಸ್ಥ ಸಾತಪ್ಪನಿಗೆ ಹೇಳಿ ಈ ಕಟ್ಟಳೆ ಮಾಡಿಸಿದವಳೂ ಅವಳೇ.

“ಮತ್ತ ಈ ಚಪ್ಪಲಿ?” ಗಂಗಾದೇವಿ ಕೇಳಿದಳು.

“ಹೊಸಾದು ಹಾಕ್ಕೊಂಡು ವಾರಿಗೆ ಹೋಗೂದಂದ್ರ ಜಗಳಗಂಟಿ ಜೋಡಿ ಒಂದ ಕೋಣ್ಯಾಗ ಸಂಸಾರ ಮಾಡಿದಂಗ. ಹಳೇವು ಹಾಕ್ಕೋ.”

ಹೊರಡುವ ಹಿಂದಿನ ದಿನ ಬೆಳಗಾವಿಯ ಮಹಾಂತೇಶ ನಗರದಿಂದ ಮಗ ಸಂಜಯ ಬಂದ. ಕೈಯಲ್ಲಿ ರಟ್ಟಿನ ಪೆಟ್ಟಿಗೆ. ಒಳಗೆ ಬಿಳಿ ಬೂಟು, ಸೊಸೆ ಪೂನಮ ಅಲ್ಲಿಯ ಕ್ಯಾಂಪ್ ಬಜಾರದಲ್ಲಿ ನಾಲ್ಕು ಅಂಗಡಿ ತಿರುಗಿ ತಂದದ್ದು.

ಸತ್ಯಪ್ಪನ ಮನೆತನದಲ್ಲಿ ಒಂದು ನಡಾವಳಿ ಇದೆ. ವಾರಿಗೆ ಹೋಗಬೇಕೆಂದಿದ್ದು ಹೋಗಲಾಗದವರು ಹೋಗುವವರ ಕಾಲಿಗೆ ಮೆಟ್ಟು ಕೊಡುತ್ತಾರೆ. ಆ ಮೆಟ್ಟು ನಡೆದ ದಾರಿ ಕೊಟ್ಟವರ ಪಾಲಿಗೆ ಸೇರುತ್ತದೆ. ನಡುವೆ ಬಿಚ್ಚಿಟ್ಟು ಬೇರೆಯದರಲ್ಲಿ ನಡೆದರೆ ಪಾಲು ಅಲ್ಲಿಗೇ ತುಂಡಾಯಿತು. ಹಿಂದಿನವರು ತಿಂಗಳು ಮೊದಲೇ ಕೊಟ್ಟು, ಎಣ್ಣೆ ಕುಡಿಸಿ, ಹೊಲದಲ್ಲಿ ಅಡ್ಡಾಡಿ ಮೆತ್ತಗೆ ಮಾಡುತ್ತಿದ್ದರು. ಪೂನಮಳಿಗೆ ಅದು ಗೊತ್ತಿರಲಿಲ್ಲ. ಮಗಳು ಜ್ವರದಲ್ಲಿ ಕಣ್ಣು ತೆರೆಯದೆ ಮಲಗಿದ್ದಾಗ ನಡೆದು ಬರುತ್ತೇನೆಂದು ಅವಳು ವಿಠ್ಠಲನಿಗೆ ಹರಕೆ ಹೊತ್ತಿದ್ದಳು. ಕೆಲಸಕ್ಕಿದ್ದ ದವಾಖಾನೆಯಲ್ಲಿ ರಜೆ ಸಿಗುತ್ತದೆಂದು ಕೊನೆಯವರೆಗೆ ಕಾದು, ಸಿಗಲಿಲ್ಲವೆಂದಾಗ ಅವಸರದಲ್ಲಿ ಬೂಟು ಕಳಿಸಿದ್ದಳು.

ಪದ್ಮವ್ವ ಬೂಟನ್ನು ಬಗ್ಗಿಸಿ ನೋಡಿದಳು. ಹಿಮ್ಮಡಿಯ ಕಡೆ ಬಿರುಸು. ಬೇಡ ಅನ್ನಲಿಲ್ಲ. ಸೊಸೆಯ ಹರಕೆಯನ್ನು ಹೇಗೆ ಬೇಡ ಅನ್ನುವುದು?

ಖಾನಾಪುರ ಬರುವುದರೊಳಗೆ ಬೂಟು ಮಳೆ ಕುಡಿದು ಭಾರವಾಯಿತು. ಅಲ್ಲಿಂದ ಮುಂದೆ ಎಡಗಾಲಿನ ಹಿಮ್ಮಡಿ ಸುಲಿಯಿತು. ಗುಳ್ಳೆಯೇ ಏಳಲಿಲ್ಲ, ನೇರ ಚರ್ಮವೇ ಹೋಯಿತು. ಬೆಳಗಾವಿ ಮುಟ್ಟುವ ಹೊತ್ತಿಗೆ ಪದ್ಮವ್ವ ಸಾಲಿನ ಕೊನೆಯಲ್ಲಿದ್ದಳು, ಎರಡು ಸಲ ದಿಂಡಿ ಅವಳಿಗಾಗಿ ನಿಂತಿತ್ತು.

“ಎವ್ವಾ, ಜಗಳಗಂಟಿ ಜೋಡಿ ಸಂಸಾರ ಹೆಂಗ ನಡದೈತಿ?” ಗಂಗಾದೇವಿ ತಿರುಗಿ ನೋಡಿ ಕೇಳಿದಳು.

“ನಡದೈತಿ. ನೀ ಮುಂದ ನೋಡ್ಕೊಂಡು ನಡಿ.”

ಮುಕ್ಕಾಮು ಮಹಾಂತೇಶ ನಗರದ ಒಂದು ಮದುವೆಯ ಮಂಗಲ ಕಾರ್ಯಾಲಯದಲ್ಲಿ. ಸಂಜೆ ಸಾತಪ್ಪ ವೀಣೆಯನ್ನು ಬೇರೊಬ್ಬನ ಕೊರಳಿಗೆ ಹಾಕಿ ಪದ್ಮವ್ವನ ಹತ್ತಿರ ಬಂದು ಕೂತ.

“ಕಾಕೂ, ನೀವು ಮಾಡಿಸಿದ ಕಟ್ಟಳಿ ನಿಮಗ ಹೇಳಾಕ ನಾಚಿಕಿ ಬರತೈತಿ ನೋಡ್ರಿ. ನಾಳಿಂದ ಟೆಂಪೋದಾಗ ಕುಂದರ್ರಿ. ಇಲ್ಲಾ, ಮಗನ ಮನಿ ಇಲ್ಲೇ ಐತಿ.”

“ಬೂಟು ಟೆಂಪೋದಾಗ ಕುಂತ್ರ ಪೂನಮನ ವಾರಿ ಆಗಂಗಿಲ್ಲೋ ಸಾತಪ್ಪಾ.”

“ದಿಂಡಿ ನಿಂತ್ರ ಯಾರ ವಾರಿನೂ ಆಗಂಗಿಲ್ಲಲ್ರೀ.”

ಮಾತು ಖರೆ ಇತ್ತು.

ಅಷ್ಟರಲ್ಲಿ ಸಂಜಯ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿದ. ಹಿಂದೆ ಪೂನಮ. ಅತ್ತೆಯ ಕಾಲು ನೋಡಿದ್ದೇ ಅವಳು ನೆಲಕ್ಕೆ ಕೂತಳು. ಚೀಲದಿಂದ ಔಷಧಿ ತೆಗೆದು ಗಾಯ ತೊಳೆದು ಹತ್ತಿ ಇಟ್ಟಳು.

“ನನ್ನಿಂದ ಆತು ಇದು. ಅತ್ತೀ, ಬಿಚ್ಚಿ ಒಗೀರಿ ಅವನ್ನ. ನಿಮ್ಮ ಹಳೇ ಚಪ್ಪಲಿ ಹಾಕ್ಕೊಂಡು ನಡೀರಿ. ನನ್ನ ಪಾಲು ಹೋದ್ರ ಹೋತು.”

“ಹೋದ್ರ ಹೋತಂತ! ಹರಕಿ ಹೊತ್ತಾಗ ಹಿಂಗಂದಿದ್ದಿ ಏನು?”

“ಅವ್ವಾ, ಸುಮ್ನ ಮನಿಗೆ ನಡಿ,” ಎಂದ ಸಂಜಯ. “ಗುಂಜಿಯಿಂದ ಬೆಳಗಾವಿತನಾ ನಡದೀ, ದೇವ್ರು ಬ್ಯಾಡ ಅಂತಾನೇನು?”

“ದೇವ್ರಿಗೆ ಏನು ಬೇಕು, ಏನು ಬ್ಯಾಡ ಅನ್ನೂದು ನಿನಗ ಆಟೋದಾಗ ಕುಂತು ಗೊತ್ತಾತೇನೋ?”

ಪದ್ಮವ್ವ ಎಡಗಾಲಿನ ಬೂಟನ್ನು ಕೈಗೆ ತೆಗೆದುಕೊಂಡಳು. ಬೆರಳು ಹಾಯಿಸಿ, ಎಲ್ಲಿ ಉಜ್ಜುತ್ತದೆ, ಎಲ್ಲಿ ಉಜ್ಜುವುದಿಲ್ಲ ಎಂದು ಹುಡುಕಿದಳು. ಅಡಿ ಚೆನ್ನಾಗಿತ್ತು, ಮೆತ್ತಗೂ ಇತ್ತು. ಬೆರಳಿನ ಕಡೆ ಅಗಲವಿತ್ತು. ತಪ್ಪೆಲ್ಲ ಹಿಂದಿನ ಗೋಡೆಯದು.

“ಪೂನಮಾ, ಅಡಗಿಯವರ ಕಡೆ ಈಳಗಿ ಇಸ್ಕೊಂಡು ಬಾ.”

ಈಳಿಗೆ ಬಂತು. ಹಿಂದೆಯೇ ಅಡುಗೆಯ ಕಲ್ಮೇಶನೂ ಓಡಿ ಬಂದ. “ಏ ಆಯೀ, ಇದರಾಗ ನಾಳಿ ಕುಂಬಳಕಾಯಿ ಹೆಚ್ಚೂದೈತಿ!”

“ತೊಳದು ಕೊಡತೀನಿ ತಗೋ. ಕುಂಬಳಕಾಯಿ ಏನು ಮೂಸಿ ನೋಡತೈತೇನು?”

ಪದ್ಮವ್ವ ಬೂಟನ್ನು ಸೊಸೆಯ ಕಡೆ ಚಾಚಿದಳು. “ನೀ ಕೊಟ್ಟದ್ದು, ನೀನ ಕೊಯ್ಯಿ. ಅಡಿ ಉಳೀಬೇಕು, ಹಿಮ್ಮಡಿ ಹೋಗಬೇಕು.”

“ಅವ್ವಾ! ಎಷ್ಟ ಹುಡುಕಿ ತಂದ ಬೂಟದು!” ಸಂಜಯ ಕೂಗಿದ.

ಪೂನಮ ಗಂಡನ ಕಡೆ ನೋಡಲಿಲ್ಲ. ಈಳಿಗೆಯ ಮಣೆಯನ್ನು ಕಾಲಿನಿಂದ ಒತ್ತಿ ಕೂತು, ಅಲಗಿಗೆ ಬೂಟಿನ ಹಿಂಬದಿ ಕೊಟ್ಟು ಎರಡೂ ಕೈಯಿಂದ ಒತ್ತಿದಳು. ಮೊದಲು ಬಟ್ಟೆ ಹರಿಯಿತು, ಆಮೇಲೆ ರಬ್ಬರು. ಒಂದು ಮುಗಿಸಿ, ಕೇಳದೆಯೇ ಎರಡನೆಯದನ್ನೂ ಕೊಯ್ದಳು. ಅಂಚು ಚುಚ್ಚದಂತೆ ಪಟ್ಟಿ ಸುತ್ತಿ ಹೊಲಿದಳು. ಕಾಲಿಗೆ ಕಟ್ಟಿಕೊಳ್ಳಲು ಪದ್ಮವ್ವ ತನ್ನ ಹಳೆಯ ಸೀರೆಯ ಅಂಚು ಹರಿದು ಕೊಟ್ಟಳು. ಕಟ್ಟಿಕೊಂಡು ಕಾರ್ಯಾಲಯದ ಉದ್ದಕ್ಕೂ ಹೋಗಿ ಬಂದಳು. ಮತ್ತೆ ಕೂತು ಗಂಟು ಸಡಿಲಿಸಿ, ಮತ್ತೊಮ್ಮೆ ಹೋಗಿ ಬಂದಳು. ಸಾತಪ್ಪ ನೋಡುತ್ತಲೇ ಇದ್ದ.

“ಮುಂದಿನ ಊರು ಕಾಕತಿ ತನಾ ನೋಡೂಣ್ರಿ,” ಎಂದ ಕೊನೆಗೆ. “ಅಲ್ಲಿತನಾ ದಿಂಡಿ ನಿಂದರದಂಗ ಬಂದ್ರ ಮುಂದ ನಾ ಒಂದ ಮಾತೂ ಆಡಂಗಿಲ್ಲ. ನಿಂತ್ರ ಟೆಂಪೋ.”

“ನಿಂತ್ರ ನಾನ ಹತ್ತತೀನಿ. ನೀ ಹೇಳೂದು ಬ್ಯಾಡ.”

ಮರುದಿನ ಬೆಳಗ್ಗೆ ಅವಳು ವೀಣೆಯ ಬೆನ್ನ ಹಿಂದೆಯೇ ನಿಂತಳು. ಪೂನಮ ದವಾಖಾನೆಗೆ ಹೋಗುವ ದಾರಿಯಲ್ಲೇ ಬಂದು, ಬಗ್ಗಿ ಆ ಕೊಯ್ದ ಬೂಟುಗಳನ್ನು ಮುಟ್ಟಿ ಹಣೆಗೆ ಒತ್ತಿಕೊಂಡಳು. ದಿಂಡಿ ಹೊರಟಿತು.

ಹೆದ್ದಾರಿಯ ಬಾಜೂ ರಸ್ತೆ, ಮೇಲೆ ಸಣ್ಣ ಮಳೆ. ಲಾರಿಗಳು ಕೆಸರು ಎರಚಿಕೊಂಡು ಹೋಗುತ್ತಿದ್ದವು. ನೋವು ಹೋಗಿರಲಿಲ್ಲ, ಆದರೆ ಉಜ್ಜುವುದು ನಿಂತಿತ್ತು. ಬರಿಯ ನೋವಾದರೆ ಅದರ ಜೊತೆ ನಡೆಯಬಹುದು ಎಂಬುದು ಪದ್ಮವ್ವನಿಗೆ ಗೊತ್ತಿದ್ದ ವಿಷಯ. ಕಣ್ಣನ್ನು ಸಾತಪ್ಪನ ಹಿಮ್ಮಡಿಗೆ ನೆಟ್ಟಳು. ಅವನ ಕಾಲು ಎದ್ದಾಗ ತನ್ನದು, ಅವನದು ಊರಿದಾಗ ತನ್ನದು. ಚಹಾ ಕೊಟ್ಟಲ್ಲಿ ನಿಂತೇ ಅರ್ಧ ಕುಡಿದಳು, ಕೂಡಲಿಲ್ಲ. ಕೂತರೆ ಕಾಲು ಬಿಗಿಯುತ್ತದೆ, ಮತ್ತೆ ಸಡಿಲಿಸಲು ಹೊತ್ತು ಹಿಡಿಯುತ್ತದೆ.

ಕಾಕತಿಯ ಹತ್ತಿರ ಟೆಂಪೋ ನಿಂತಿತ್ತು. ಅಕ್ಕಿಯ ಚೀಲಗಳನ್ನು ಒಂದು ಬದಿಗೆ ಸರಿಸಿ ಚಾಲಕ ರಾಮಲಿಂಗ ಅವಳಿಗೆಂದೇ ಗಾದಿ ಹಾಸಿ, ಹಿಂದಿನ ಬಾಗಿಲು ತೆರೆದಿಟ್ಟಿದ್ದ. ಸಾತಪ್ಪ ತಿರುಗಿ ನೋಡಿದ. ಸಾಲು ಒಂದು ಸಲವೂ ಕಡಿದಿರಲಿಲ್ಲ. ಅವನು ಅಭಂಗದ ಮುಂದಿನ ಸಾಲು ಎತ್ತಿದ.

“ಬರ್ರಿ ಆಯೀ, ಜಾಗಾ ಮಾಡೇನಿ,” ರಾಮಲಿಂಗ ಕರೆದ.

ಪದ್ಮವ್ವ ನಡೆಯುತ್ತಲೇ ಕೈ ಬೀಸಿದಳು. “ಬಾಗ್ಲಾ ಹಾಕೋ ತಮ್ಮಾ, ಅಕ್ಕಿ ತೊಯ್ಯಾಕ ಹತ್ಯಾವು.”