ತಂಗಿಯನ್ನು ಕೇಳಿದ ಪ್ರಶ್ನೆ

ಗೆಳೆಯರೇ, ಒಂಬತ್ತನೇ ತರಗತಿಯ ನನ್ನ ತಂಗಿಗೆ ತಿಂಗಳಿಂದ ನಿದ್ದೆಯಿಲ್ಲ, ಮಾತೂ ಇಲ್ಲ. ಇವತ್ತು ಅವ್ವ, ನಾನು ಅವಳನ್ನು ಕುಶಾಲನಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

"ಮನಸ್ಸಿಗೆ ಏನನ್ನಿಸ್ತದೆ ಪುಟ್ಟಾ?" ಎಂದು ಡಾಕ್ಟರಮ್ಮ ತಂಗಿಯನ್ನು ಕೇಳಿದರು. ಉತ್ತರ ಕೊಟ್ಟದ್ದು ಅವ್ವ.

"ಅಂಥಾದ್ದೇನಿಲ್ಲ ಮೇಡಂ. ನಾನು ಕಾಫಿ ಪಿಕ್ಕಿಂಗಿಗೆ ಹೋದ್ರೆ ಅಡುಗೆ, ಪಾತ್ರೆ, ಬಟ್ಟೆ ಎಲ್ಲಾ ಇವಳೇ ಮಾಡ್ತಾಳೆ."

ನಮ್ಮಿಬ್ಬರನ್ನೂ ಹೊರಗೆ ಕಳಿಸಿದರು. ಒಳಗೆ ತಂಗಿ ಅಳುವುದು ಕೇಳಿಸಿತು.

ವಾಪಸು ಬರುವಾಗ ಬಸ್ಸಿನಲ್ಲಿ, "ಡಾಕ್ಟರಿಗೆ ಏನು ಹೇಳ್ದೆ?" ಎಂದು ತಂಗಿಯನ್ನು ಕೇಳಿದೆ.

"ನಿನ್ನ ವಿಷ್ಯನೇ. ಶಾಲೆ ಬಿಟ್ಟು ತಿರುಗೋ ಅಣ್ಣನಿಗೆ ಕೂತಲ್ಲಿಗೇ ಊಟ ಬರ್ತದೆ, ನಾನು ಓದೋಕೆ ಕೂತ್ರೆ ಎಬ್ಬಿಸ್ತಾರೆ ಅಂದೆ."

ಅವಳು ಹೇಳಿದ್ದು ನಿಜ. ಸಂಜೆ ನಾನೇ ಅಕ್ಕಿ ತೊಳೆದು ಒಲೆಗಿಟ್ಟೆ. ಅದನ್ನು ನೋಡಿ ಅಪ್ಪ ಗಾಬರಿಯಿಂದ ಅವ್ವನನ್ನು ಕೇಳಿದರು, "ಇವನಿಗೇನಾಯ್ತೇ? ಹುಷಾರಿಲ್ವಾ?"

ತಂಗಿ ತಿಂಗಳಿಡೀ ಮಾತು ಬಿಟ್ಟಿದ್ದಾಗ ಅವರು ಇದನ್ನು ಕೇಳಿರಲಿಲ್ಲ.